ತಲೆ ತಗ್ಗಿಸಿ ನಿಂತವರ ಸದ್ದು: ಶೂಗೇಜ್ ಮತ್ತು ಸ್ಲೋಡೈವ್‌ನ ಮೊದಲ ಆಲ್ಬಂ

'ಶೂಗೇಜ್' ಅನ್ನೋ ಹೆಸರು ಕೇಳಿ ಇದು ಯಾವುದೋ ಚಪ್ಪಲಿ ಅಂಗಡಿ ಇರ್ಬೇಕು ಅಂತ ನಿಮಗೆ ಅನಿಸಿದರೆ ಅದರಲ್ಲಿ ಆಶ್ಚರ್ಯ ಇಲ್ಲ. ಇದು ಒಂದು ಬಗೆಯ ಗಿಟಾರ್ ಸಂಗೀತ. ಹಾಡುಗಾರನ ದನಿ ಎಲ್ಲೋ ದೂರದಲ್ಲಿ, ಗಿಟಾರಿನ ಸದ್ದು ಮಾತ್ರ ಕಿವಿ ತುಂಬ. ಮೊದಲ ಸಲ ಕೇಳಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಹೇಳ್ತಾರೆ: "ಇದೆಂತ ಮಾರಾಯ, ಸ್ಪೀಕರ್ ಹಾಳಾಗಿದೆಯಾ?" ಅಥವಾ "ಇನ್ನೊಂದು ಸಲ ಹಾಕು." ನಡುವಿನ ಉತ್ತರ ಕಮ್ಮಿ.

ಹಾಸ್ಟೆಲಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಅಸೈನ್‌ಮೆಂಟ್ ಬರೆಯುವವರ ಪ್ಲೇಲಿಸ್ಟ್‌ಗಳಲ್ಲಿ ಈಗೀಗ ಈ ಸಂಗೀತ ತುಂಬ ಕಾಣಿಸ್ತಾ ಉಂಟು. ಆದರೆ ಇದು ಏನು, ಇದರ ಸದ್ದು ಹೇಗೆ ಹುಟ್ಟುತ್ತೆ, ಮಾತೇ ಕೇಳಿಸದ ಹಾಡನ್ನು ಯಾಕೆ ಹಾಡಬೇಕು ಅಂತ ಕನ್ನಡದಲ್ಲಿ ಹೇಳಿದವರು ಕಮ್ಮಿ. ಈ ಲೇಖನದಲ್ಲಿ ಅದನ್ನೇ ನೋಡೋಣ. ಉದಾಹರಣೆಗೆ ಒಂದು ತಂಡದ ಮೊದಲ ಆಲ್ಬಂ ಹಿಡಿದುಕೊಳ್ಳೋಣ: ಇಂಗ್ಲೆಂಡಿನ ಸ್ಲೋಡೈವ್ 1991ರಲ್ಲಿ ತಂದ 'ಜಸ್ಟ್ ಫಾರ್ ಅ ಡೇ'. ಕಾರಣ ಸರಳ. ಅದನ್ನು ಮಾಡಿದಾಗ ಆ ಹುಡುಗ ಹುಡುಗಿಯರ ವಯಸ್ಸು ಹೆಚ್ಚುಕಡಿಮೆ ನಮ್ಮದೇ.

ಹೆಸರು ಬಂದದ್ದು ಬೈಗುಳವಾಗಿ

1990ರ ಆಸುಪಾಸು ಇಂಗ್ಲೆಂಡಿನಲ್ಲಿ ಕೆಲವು ಹೊಸ ತಂಡಗಳು ವೇದಿಕೆ ಮೇಲೆ ವಿಚಿತ್ರವಾಗಿ ನಿಲ್ಲುತ್ತಿದ್ದವು. ಕುಣಿತ ಇಲ್ಲ, ಪ್ರೇಕ್ಷಕರ ಜೊತೆ ಮಾತು ಇಲ್ಲ. ತಲೆ ತಗ್ಗಿಸಿ ನೆಲ ನೋಡುತ್ತಾ ಗಿಟಾರ್ ನುಡಿಸೋದು, ಅಷ್ಟೇ. 'ಸೌಂಡ್ಸ್' ಎಂಬ ಪತ್ರಿಕೆ 'ಮೂಸ್' ಅನ್ನೋ ತಂಡದ ಕಾರ್ಯಕ್ರಮದ ಬಗ್ಗೆ ಬರೆಯುವಾಗ ಈ ಶೂ ನೋಡುವ ಮಾತು ಹುಟ್ಟಿತು. ಅದರ ಹಾಡುಗಾರ ಸಾಹಿತ್ಯದ ಹಾಳೆಯನ್ನು ನೆಲಕ್ಕೆ ಅಂಟಿಸಿಕೊಂಡು ಓದುತ್ತಿದ್ದ. ಬೇರೆಯವರು ನೆಲ ನೋಡೋದಕ್ಕೆ ಕಾರಣ ಬೇರೆ: ಕಾಲ ಬುಡದಲ್ಲಿ ಸಾಲಾಗಿ ಇಟ್ಟ ಎಫೆಕ್ಟ್ ಪೆಡಲ್‌ಗಳು. ಯಾವ ಹೊತ್ತಿಗೆ ಯಾವುದನ್ನು ಒತ್ತಬೇಕು ಅಂತ ನೋಡಲೇಬೇಕಲ್ಲ!

ಅಂದರೆ ಪತ್ರಿಕೆಯವರು ಗೇಲಿ ಮಾಡಲು ಇಟ್ಟ ಹೆಸರು ಇದು. 'ತಮ್ಮನ್ನು ತಾವೇ ಸಂಭ್ರಮಿಸಿಕೊಳ್ಳುವ ಗುಂಪು' ಅಂತ 'ಮೆಲೊಡಿ ಮೇಕರ್' ಪತ್ರಿಕೆಯವರದ್ದು ಇನ್ನೊಂದು ಲೇವಡಿ. ಒಂದು ತಂಡದ ಕಾರ್ಯಕ್ರಮಕ್ಕೆ ಉಳಿದ ತಂಡದವರೇ ಬಂದು ನಿಲ್ಲುತ್ತಿದ್ದರಲ್ಲ, ಅದಕ್ಕೆ. ರೈಡ್, ಲಶ್, ಸ್ಲೋಡೈವ್, ಚಾಪ್ಟರ್‌ಹೌಸ್ ಇವೆಲ್ಲ ಆ ಗುಂಪಿನವು. ಇವರೆಲ್ಲರಿಗೂ ದಾರಿ ತೋರಿಸಿದ್ದು 'ಮೈ ಬ್ಲಡಿ ವ್ಯಾಲೆಂಟೈನ್'. ಇನ್ನೂ ಹಿಂದೆ ಹೋದರೆ ಸ್ಕಾಟ್ಲೆಂಡಿನ 'ಕಾಕ್ಟೋ ಟ್ವಿನ್ಸ್' ಸಿಗುತ್ತದೆ. ಅದರ ಹಾಡುಗಾರ್ತಿ ಎಲಿಜಬೆತ್ ಫ್ರೇಸರ್ ಅನೇಕ ಸಲ ಅರ್ಥವೇ ಹಿಡಿಯಲಾಗದ ಶಬ್ದಗಳನ್ನು ಹಾಡುತ್ತಿದ್ದರು.

ಸದ್ದು ಹುಟ್ಟುವ ಬಗೆ

ಇನ್ನು ನಮ್ಮ ಇಲಾಖೆಗೆ ಬರೋಣ. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಓದಿದವರಿಗೆ ಶೂಗೇಜ್ ಅಂದ್ರೆ ಒಂದು ಬ್ಲಾಕ್ ಡಯಾಗ್ರಾಂ. ಗಿಟಾರಿನಿಂದ ಹೊರಟ ಸಿಗ್ನಲ್ ಮುಖ್ಯವಾಗಿ ಮೂರು ಪೆಟ್ಟಿಗೆಗಳನ್ನು ದಾಟಿ ಆಂಪ್ಲಿಫೈಯರ್ ಸೇರುತ್ತದೆ.

ಮೊದಲನೆಯದು ಡಿಸ್ಟಾರ್ಷನ್. ಇದು ತರಂಗದ ತುದಿಗಳನ್ನು ಕತ್ತರಿಸುತ್ತದೆ, ಅಂದರೆ ಕ್ಲಿಪ್ಪಿಂಗ್. ದುಂಡಗಿದ್ದ ಸೈನ್ ತರಂಗ ಚೌಕದ ಹತ್ತಿರಕ್ಕೆ ಬರುತ್ತದೆ; ಮೂಲದಲ್ಲಿ ಇಲ್ಲದ ಹಾರ್ಮಾನಿಕ್‌ಗಳು ಹುಟ್ಟಿಕೊಳ್ಳುತ್ತವೆ. ಎರಡು ಸ್ವರ ಒಟ್ಟಿಗೆ ಕೊಟ್ಟರೆ ಇನ್ನೂ ಮಜಾ. 200 ಮತ್ತು 300 ಹರ್ಟ್ಜ್ ಒಳಗೆ ಹೋದರೆ ಹೊರಗೆ 100, 400, 500 ಹೀಗೆ ಹೊಸ ಸ್ವರಗಳು ಬರುತ್ತವೆ. ಇವೆಲ್ಲ 100ರ ಗುಣಕಗಳಾದ್ದರಿಂದ ಸದ್ದು ದಪ್ಪ ಆಗುತ್ತೆ, ಆದರೆ ಕೆಡೋದಿಲ್ಲ. ಮೂರು ನಾಲ್ಕು ಸ್ವರಗಳ ಕ್ಲಿಷ್ಟ ಕಾರ್ಡ್ ಕೊಟ್ಟರೆ ಈ ಲೆಕ್ಕ ಕೂಡಿ ಬರೋದಿಲ್ಲ. ಸದ್ದು ಒರಟಾಗಿ ಗುಂಯ್‌ಗುಡುತ್ತದೆ. ಬೇರೆ ರಾಕ್ ತಂಡಗಳು ಈ ಒರಟುತನವನ್ನು ತಪ್ಪಿಸಿದರೆ, ಶೂಗೇಜ್‌ನವರು ಅದನ್ನೇ ಹುಡುಕಿಕೊಂಡು ಹೋದರು.

ಎರಡನೆಯದು ಡಿಲೇ. ಬಂದ ಸದ್ದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಮತ್ತೆ ಬಿಡುವುದು, ಹಾಗೆ ಬಿಟ್ಟದ್ದರ ಒಂದು ಪಾಲನ್ನು ಪುನಃ ಒಳಗೆ ಕಳಿಸುವುದು. ಸಣ್ಣ ಲೆಕ್ಕ ಮಾಡಿ: ಅಂತರ 400 ಮಿಲಿಸೆಕೆಂಡ್, ಪ್ರತಿ ಸಲ ಅರ್ಧ ಮಟ್ಟಕ್ಕೆ ಇಳಿಕೆ. ಅರ್ಧ ಅಂದರೆ ಸುಮಾರು 6 ಡೆಸಿಬೆಲ್. 60 ಡೆಸಿಬೆಲ್ ಇಳಿಯಲು 10 ಸುತ್ತು, ಅಂದರೆ 4 ಸೆಕೆಂಡ್. ಒಮ್ಮೆ ತಂತಿ ಮೀಟಿದ್ದು 4 ಸೆಕೆಂಡ್ ಗಾಳಿಯಲ್ಲಿ ಉಳಿಯಿತು. ಅಷ್ಟರೊಳಗೆ ಇನ್ನೂ ಹತ್ತು ಸಲ ಮೀಟಿ ಆಗಿರುತ್ತದೆ.

ಮೂರನೆಯದು ರಿವರ್ಬ್. ದೊಡ್ಡ ದೇವಸ್ಥಾನದ ಪ್ರಾಂಗಣದಲ್ಲೋ ಖಾಲಿ ಆಡಿಟೋರಿಯಂನಲ್ಲೋ ಚಪ್ಪಾಳೆ ತಟ್ಟಿದರೆ ಸದ್ದು ತಕ್ಷಣ ಸಾಯೋದಿಲ್ಲವಲ್ಲ, ಅದು. ಗೋಡೆಗಳಿಂದ ಬಂದ ಸಾವಿರಾರು ಸಣ್ಣ ಪ್ರತಿಧ್ವನಿಗಳು ಬೇರೆ ಬೇರೆಯಾಗಿ ಕೇಳಿಸದೆ ಒಂದು ಬಾಲದ ಹಾಗೆ ಎಳೆದುಕೊಂಡು ಹೋಗುತ್ತವೆ.

ಈಗ ಪರೀಕ್ಷೆಯಲ್ಲಿ ಕೇಳಬಹುದಾದ ಪ್ರಶ್ನೆ: ಈ ಪೆಟ್ಟಿಗೆಗಳ ಕ್ರಮ ಅದಲು ಬದಲು ಮಾಡಿದರೆ ಎಂತ ಆಗುತ್ತೆ? ಡಿಲೇ ಮತ್ತು ರಿವರ್ಬ್ ಎರಡೂ ಲೀನಿಯರ್. ಹೆಚ್ಚು ವ್ಯತ್ಯಾಸ ಇಲ್ಲ. ಆದರೆ ಡಿಸ್ಟಾರ್ಷನ್ ಲೀನಿಯರ್ ಅಲ್ಲ. ಡಿಸ್ಟಾರ್ಷನ್ ಮೊದಲು, ರಿವರ್ಬ್ ಆಮೇಲೆ ಅಂದರೆ ದಪ್ಪ ಗಿಟಾರ್ ಒಂದು ದೊಡ್ಡ ಕೋಣೆಯಲ್ಲಿ ಕೇಳಿಸಿದ ಹಾಗೆ. ರಿವರ್ಬ್ ಮೊದಲು, ಡಿಸ್ಟಾರ್ಷನ್ ಆಮೇಲೆ ಇಟ್ಟರೆ ಆ ಕೋಣೆಯೇ ಕ್ಲಿಪ್ ಆಗುತ್ತದೆ: ಮೆಲ್ಲಗೆ ಸಾಯಬೇಕಿದ್ದ ಬಾಲ ಕೂಡ ಮೂಲ ಸದ್ದಿನಷ್ಟೇ ಜೋರಾಗಿ ಮೇಲೆ ಬರುತ್ತದೆ. ಯಾವುದು ಮೀಟಿದ್ದು, ಯಾವುದು ಅದರ ನೆರಳು ಅಂತ ಗೊತ್ತಾಗೋದಿಲ್ಲ. ಶೂಗೇಜ್ ಬಗ್ಗೆ ಬರೆಯುವವರು 'ಸದ್ದಿನ ಗೋಡೆ' ಅನ್ನುವುದು ಇದನ್ನೇ.

ಮೈ ಬ್ಲಡಿ ವ್ಯಾಲೆಂಟೈನ್‌ನ ಕೆವಿನ್ ಶೀಲ್ಡ್ಸ್ ಇದಕ್ಕೆ ಇನ್ನೊಂದು ಉಪಾಯ ಸೇರಿಸಿದರು. ಗಿಟಾರಿನ ಟ್ರೆಮೊಲೊ ಸರಳನ್ನು ಕೈಯಲ್ಲಿ ಹಿಡಿದುಕೊಂಡೇ ತಂತಿ ಮೀಟುವುದು. ಹಾಗಾಗಿ ಶ್ರುತಿ ನಿಂತಲ್ಲಿ ನಿಲ್ಲದೆ ಸ್ವಲ್ಪ ಮೇಲೆ ಕೆಳಗೆ ಜಾರುತ್ತಲೇ ಇರುತ್ತದೆ. 1991ರ ನವೆಂಬರ್ 4ರಂದು ಬಂದ 'ಲವ್‌ಲೆಸ್' ಆಲ್ಬಂನಲ್ಲಿ ನೆಲವೇ ಅಲುಗಿದ ಹಾಗೆ ಅನಿಸುವುದು ಇದರಿಂದ. ಅದನ್ನು ಮುಗಿಸಲು ಅವರಿಗೆ ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಹತ್ತಾರು ಸ್ಟುಡಿಯೋ ಬದಲಾದವು.

ಇದೆಲ್ಲ ನಮಗೆ ಪೂರ್ತಿ ಹೊಸತು ಅಂದುಕೊಳ್ಳಬೇಡಿ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಸಣ್ಣ ದಾರ ಇಟ್ಟು 'ಜೀವಾಳಿ' ತರುವುದು ಗೊತ್ತಲ್ಲ? ಬಾಗಿದ ಕುದುರೆಗೆ ತಂತಿ ತಾಗಿ ತಾಗಿ ಬಿಡುವಾಗ ಮೇಲಿನ ಹಾರ್ಮಾನಿಕ್‌ಗಳು ಎದ್ದು ಬರುತ್ತವೆ, ಸದ್ದು ಜುಂಯ್ ಅಂತ ತುಂಬಿಕೊಳ್ಳುತ್ತದೆ. ವಿದ್ಯುತ್ ಇಲ್ಲದ ಡಿಸ್ಟಾರ್ಷನ್ ಪೆಡಲ್ ಅದು! ಮತ್ತೆ ನಮ್ಮ ಜೂನ್ ತಿಂಗಳ ಮಳೆ. ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಯವರಿಗೆ ತಗಡಿನ ಶೀಟಿನ ಮೇಲೆ ಮಳೆ ಬೀಳುವ ಸದ್ದು ಗೊತ್ತೇ ಉಂಟು. ಒಂದೊಂದು ಹನಿ ಒಂದೊಂದು ಟಪ್. ಲಕ್ಷ ಹನಿ ಸೇರಿದಾಗ ಟಪ್ ಎಲ್ಲ ಮಾಯವಾಗಿ ಒಂದೇ ಸಮನೆ ಭೋರ್ ಅನ್ನುವ ಸದ್ದು. ಅದರಲ್ಲಿ ನಿದ್ದೆಯೂ ಬರುತ್ತದೆ. ಶೂಗೇಜ್ ಗಿಟಾರ್ ಕೂಡ ಹಾಗೇ. ಹನಿ ಹುಡುಕಬೇಡಿ, ಮಳೆ ಕೇಳಿ.

ರೆಡಿಂಗ್ ಊರಿನ ಐದು ಜನ

ಲಂಡನ್‌ನ ಪಶ್ಚಿಮಕ್ಕೆ ರೆಡಿಂಗ್ ಅಂತ ಒಂದು ಊರು. ನೀಲ್ ಹಾಲ್‌ಸ್ಟೆಡ್ ಮತ್ತು ರೇಚಲ್ ಗೋಸ್ವೆಲ್ ಅಲ್ಲಿ ಪ್ರಾಥಮಿಕ ಶಾಲೆಯಿಂದಲೇ ಗೆಳೆಯರು. 1989ರಲ್ಲಿ ಇಬ್ಬರೂ ಸೇರಿ ತಂಡ ಕಟ್ಟಿದರು. ಇನ್ನೊಬ್ಬ ಗಿಟಾರ್ ವಾದಕಿ ಬೇಕು ಅಂತ ಜಾಹೀರಾತು ಕೊಟ್ಟರೆ ಉತ್ತರ ಬಂದದ್ದು ಒಂದೇ, ಅದೂ ಕ್ರಿಶ್ಚಿಯನ್ ಸ್ಯಾವಿಲ್ ಎಂಬ ಹುಡುಗನಿಂದ. ಬೇಕಾದರೆ ಹುಡುಗಿಯರ ಉಡುಪು ಹಾಕಿಕೊಂಡು ಬರ್ತೇನೆ ಅಂದ ಪುಣ್ಯಾತ್ಮ. ತಗೊಂಡರು. ಬೇಸ್ ಗಿಟಾರಿಗೆ ನಿಕ್ ಚಾಪ್ಲಿನ್. ಮೊದಲ ಡ್ರಮ್ಮರ್ ಏಡ್ರಿಯನ್ ಸೆಲ್‌ಗೆ ಎಲ್ಲವೂ ತುಂಬ ಬೇಗ ಆಗ್ತಾ ಇದೆ ಅನಿಸಿ, ಆರೇ ತಿಂಗಳಲ್ಲಿ ತಂಡ ಬಿಟ್ಟು ವಿಶ್ವವಿದ್ಯಾಲಯಕ್ಕೆ ಓದಲು ಹೋದರು. (ನಮ್ಮ ಮನೆಯವರು ಕೇಳಿದರೆ ಅವರೊಬ್ಬರೇ ಬುದ್ಧಿವಂತರು ಅಂತಾರೆ.) ಆಮೇಲೆ ಸೈಮನ್ ಸ್ಕಾಟ್ ಬಂದರು.

ಅಲನ್ ಮೆಗೀ ಎಂಬಾತ ನಡೆಸುತ್ತಿದ್ದ 'ಕ್ರಿಯೇಷನ್ ರೆಕಾರ್ಡ್ಸ್' ಇವರ ಜೊತೆ ಒಪ್ಪಂದ ಮಾಡಿಕೊಂಡಿತು. 1990ರ ಕೊನೆಯಿಂದ 1991ರ ಮಧ್ಯದೊಳಗೆ ಮೂರು ಇಪಿಗಳು ಬಂದವು, ಅಂದರೆ ಮೂರು ನಾಲ್ಕು ಹಾಡುಗಳ ಸಣ್ಣ ರೆಕಾರ್ಡ್‌ಗಳು. ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು.

ಆಗ ಆಲ್ಬಂ ಮಾಡುವ ಮಾತು ಬಂತು. ಒಂದು ಪೂರ್ತಿ ಆಲ್ಬಂಗೆ ಸಾಕಾಗುವಷ್ಟು ಹಾಡು ರೆಡಿ ಉಂಟು ಅಂತ ಹಾಲ್‌ಸ್ಟೆಡ್ ಮೆಗೀಗೆ ನಂಬಿಸಿದರು. ನಿಜ ಹೇಳಬೇಕಂದ್ರೆ ಒಂದು ಹಾಡೂ ಇರಲಿಲ್ಲ. ಪ್ರಾಜೆಕ್ಟ್ 80 ಪರ್ಸೆಂಟ್ ಮುಗಿದಿದೆ ಸರ್ ಅಂತ ಗೈಡ್‌ಗೆ ಹೇಳುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆಕ್ಸ್‌ಫರ್ಡ್ ಹತ್ತಿರದ ಒಂದು ಹಳ್ಳಿಯಲ್ಲಿದ್ದ ಸ್ಟುಡಿಯೋದಲ್ಲಿ ಕ್ರಿಸ್ ಹಫರ್ಡ್ ಜೊತೆ ಕೂತು ಹಾಡು ಬರೆಯುವುದೂ ರೆಕಾರ್ಡ್ ಮಾಡುವುದೂ ಒಟ್ಟಿಗೇ ಆಯಿತು. ಇದೇ ಹಫರ್ಡ್ ಮುಂದೆ 'ರೇಡಿಯೋಹೆಡ್' ತಂಡದ ಮ್ಯಾನೇಜರ್ ಆದರು.

1991ರ ಸೆಪ್ಟೆಂಬರ್ 2ರಂದು 'ಜಸ್ಟ್ ಫಾರ್ ಅ ಡೇ' ಹೊರಬಂತು. ಒಂಬತ್ತು ಹಾಡು. ಹಾಲ್‌ಸ್ಟೆಡ್, ಗೋಸ್ವೆಲ್ ಇಬ್ಬರಿಗೂ ಆಗ 20 ವರ್ಷ.

ಗಡಿಬಿಡಿಯಲ್ಲಿ ಮಾಡಿದ್ದು ಆಲ್ಬಂನಲ್ಲಿ ಗೊತ್ತಾಗುತ್ತದೆ, ಆದರೆ ನಾವು ಅಂದುಕೊಂಡ ರೀತಿಯಲ್ಲಿ ಅಲ್ಲ. ಗಡಿಬಿಡಿಯಲ್ಲಿದ್ದವರು ಮಾಡಿದ ಸಂಗೀತ ಇಷ್ಟು ನಿಧಾನ! 'ಸ್ಪ್ಯಾನಿಷ್ ಏರ್' ಎಂಬ ಮೊದಲ ಹಾಡು ಮಂಜಿನಿಂದ ಹೊರಬಂದ ಬಸ್ಸಿನ ಹಾಗೆ ಮೆಲ್ಲಗೆ ಕಾಣಿಸಿಕೊಳ್ಳುತ್ತದೆ. ಮೈ ಬ್ಲಡಿ ವ್ಯಾಲೆಂಟೈನ್‌ನ ಸದ್ದು ಮೈಮೇಲೆ ಬೀಳುತ್ತದೆ, ಸ್ಲೋಡೈವ್‌ನದ್ದು ಸುತ್ತಿಕೊಳ್ಳುತ್ತದೆ. 'ಕ್ಯಾಚ್ ದ ಬ್ರೀಜ್' ಹಾಡಿನ ಕೊನೆಯ ಭಾಗ ಕೇಳಿ. ಹಾಡುಗಾರರು ಸುಮ್ಮನಾದ ಮೇಲೆ ಗಿಟಾರ್‌ಗಳು ಒಂದರ ಮೇಲೊಂದು ಏರುತ್ತಾ ಹೋಗುತ್ತವೆ; ಮಲ್ಪೆಯಲ್ಲಿ ಭರತದ ಹೊತ್ತಿಗೆ ನಿಂತವರಿಗೆ ಇದು ಹೊಸತಲ್ಲ. ನೀರು ಬಂದದ್ದು ಗೊತ್ತಾಗುವಷ್ಟರಲ್ಲಿ ಮೊಣಕಾಲಿನವರೆಗೆ ಆಗಿರುತ್ತದೆ. ಕೊರತೆಯೂ ಉಂಟು. ಒಂಬತ್ತರಲ್ಲಿ ಮೂರು ನಾಲ್ಕು ಹಾಡುಗಳು ಒಂದೇ ಬಣ್ಣದವು. ಯಾವುದು ಮುಗಿಯಿತು, ಯಾವುದು ಶುರುವಾಯಿತು ಅಂತ ನೋಡಲು ಫೋನ್ ತೆಗೆಯಬೇಕಾಗುತ್ತದೆ.

ಗಂಜಿ ತುಂಬಿದ ಬಾತ್‌ಟಬ್

ಆಲ್ಬಂ ಬಂದ ಮೂರು ವಾರಕ್ಕೆ, ಸೆಪ್ಟೆಂಬರ್ 24ಕ್ಕೆ, ಅಮೆರಿಕದಲ್ಲಿ ನಿರ್ವಾಣ ತಂಡದ 'ನೆವರ್‌ಮೈಂಡ್' ಬಂತು. ಗಾಳಿ ತಿರುಗಿತು. ಸಿಟ್ಟು, ಕಿರುಚಾಟ, ನೇರ ಮಾತು ಬೇಕು ಅನ್ನುವ ಕಾಲದಲ್ಲಿ ತಲೆ ತಗ್ಗಿಸಿ ಪಿಸುಗುಟ್ಟುವವರು ಯಾರಿಗೆ ಬೇಕು? ಆರು ತಿಂಗಳ ಹಿಂದೆ ಇಪಿಗಳನ್ನು ಹೊಗಳಿದ ಪತ್ರಿಕೆಗಳೇ ಈಗ ಬೈಯಲು ಶುರು ಮಾಡಿದವು. ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ ತಂಡದ ರಿಚಿ ಎಡ್ವರ್ಡ್ಸ್ ಅಂತೂ, ನಮಗೆ ಹಿಟ್ಲರನಿಗಿಂತ ಸ್ಲೋಡೈವ್ ಮೇಲೆ ದ್ವೇಷ ಜಾಸ್ತಿ ಅಂದುಬಿಟ್ಟರು.

1993ರಲ್ಲಿ ಎರಡನೇ ಆಲ್ಬಂ 'ಸುವ್ಲಾಕಿ' ಬಂತು. ಬ್ರಯನ್ ಈನೋ ಅಂಥ ದೊಡ್ಡವರು ಎರಡು ಹಾಡಿಗೆ ಕೈಜೋಡಿಸಿದ್ದರು. ಇವತ್ತು ಶೂಗೇಜ್‌ನ ಅತ್ಯುತ್ತಮ ಆಲ್ಬಂಗಳ ಯಾವ ಪಟ್ಟಿಯಲ್ಲೂ ಅದು ಇದ್ದೇ ಇರುತ್ತದೆ. ಆಗ ಮೆಲೊಡಿ ಮೇಕರ್‌ನ ವಿಮರ್ಶಕ ಬರೆದದ್ದೇನು ಗೊತ್ತಾ? ಇದನ್ನು ಇನ್ನೊಮ್ಮೆ ಕೇಳುವುದಕ್ಕಿಂತ ಗಂಜಿ ತುಂಬಿದ ಬಾತ್‌ಟಬ್ಬಿನಲ್ಲಿ ಉಸಿರುಕಟ್ಟಿ ಮುಳುಗುವುದೇ ವಾಸಿ ಅಂತ. 1995ರಲ್ಲಿ ಮೂರನೆಯ ಆಲ್ಬಂ 'ಪಿಗ್ಮೇಲಿಯನ್' ಬಂದ ಬೆನ್ನಿಗೇ ಕ್ರಿಯೇಷನ್ ಇವರನ್ನು ಕೈಬಿಟ್ಟಿತು. ಅಲ್ಲಿಗೆ ಸ್ಲೋಡೈವ್ ಮುಗಿಯಿತು. ಮೊದಲ ಆಲ್ಬಂನಿಂದ ಲೆಕ್ಕ ಹಾಕಿದರೆ ನಾಲ್ಕೂ ವರ್ಷ ಆಗಿರಲಿಲ್ಲ. ಒಂದು ಬಿಟೆಕ್‌ಗಿಂತ ಕಮ್ಮಿ ಅವಧಿ.

ಮುಂದಿನ ಇಪ್ಪತ್ತು ವರ್ಷದಲ್ಲಿ ಯಾರೂ ಅದಕ್ಕಾಗಿ ಪ್ರಚಾರ ಮಾಡಲಿಲ್ಲ. ಆದರೆ ಇಂಟರ್ನೆಟ್ ಬಂತು. ಆಲ್ಬಂ ಬಂದ ವರ್ಷ ಹುಟ್ಟೇ ಇರದ ಹುಡುಗರು ಹಾಡುಗಳನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. 2014ರಲ್ಲಿ ತಂಡ ಮತ್ತೆ ಸೇರಿತು. 2017ರಲ್ಲಿ ತನ್ನದೇ ಹೆಸರಿನ ಆಲ್ಬಂ, 2023ರಲ್ಲಿ 'ಎವ್ರಿಥಿಂಗ್ ಈಸ್ ಅಲೈವ್'. ಈ ಕೊನೆಯದು ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಹೋಯಿತು. ತೊಂಬತ್ತರ ದಶಕದಲ್ಲಿ ಒಮ್ಮೆಯೂ ಅಲ್ಲಿಗೆ ತಲುಪದವರು ಐವತ್ತು ದಾಟಿದ ಮೇಲೆ ತಲುಪಿದರು.

ಇದರಿಂದ 'ಪ್ರಯತ್ನ ಬಿಡಬೇಡಿ, ಯಶಸ್ಸು ಸಿಗುತ್ತದೆ' ಅನ್ನುವ ನೀತಿ ತೆಗೆಯುವುದು ಬೇಡ. ಅವರು ಬಿಟ್ಟಿದ್ದರು, ಬೇರೆ ತಂಡ ಮಾಡಿಕೊಂಡು ಬೇರೆ ಸಂಗೀತ ಮಾಡಿದ್ದರು. ಉಳಿದದ್ದು ರೆಕಾರ್ಡ್. ಬಂದ ವಾರ ಯಾರು ಎಂತ ಹೇಳಿದರು ಅನ್ನೋದು ರೆಕಾರ್ಡಿನ ಒಳಗೆ ಇರೋದಿಲ್ಲ. ಅದಕ್ಕೇ ಇಪ್ಪತ್ತರ ವಯಸ್ಸಿನಲ್ಲಿ ಅರ್ಧಂಬರ್ಧವಾದರೂ ಒಂದನ್ನು ಮಾಡಿಡುವುದಕ್ಕೆ ಬೆಲೆ ಉಂಟು.

ಮಾತು ಮುಳುಗಿದರೆ ಎಂತ ಉಳಿಯುತ್ತೆ?

ಕನ್ನಡ ಬಳಗದ ಪತ್ರಿಕೆಯಲ್ಲಿ ಈ ಪ್ರಶ್ನೆ ಕೇಳದೆ ಇರಲಾಗದು. ಕನ್ನಡದಲ್ಲಿ ಹಾಡು ಅಂದರೆ ಮೊದಲು ಸಾಹಿತ್ಯ. ನಮ್ಮ ಉಡುಪಿ ಜಿಲ್ಲೆಯ ಆರೂರಿನಲ್ಲಿ ಹುಟ್ಟಿದ ಪಿ. ಕಾಳಿಂಗರಾಯರು ಕವಿತೆಗಳನ್ನು ಊರೂರಿಗೆ ಹಾಡಿಕೊಂಡು ಹೋದರು. 1978ರಲ್ಲಿ ಬಂದ 'ನಿತ್ಯೋತ್ಸವ' ಕ್ಯಾಸೆಟ್ ಕನ್ನಡ ಭಾವಗೀತೆಯ ಮೊದಲ ಧ್ವನಿಸುರುಳಿ; ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿ ಅವರ ಸಂಗೀತ. ಅದೂ ಒಂದು 'ಮೊದಲ ರೆಕಾರ್ಡ್'. ಅಲ್ಲಿ ವಾದ್ಯಗಳೆಲ್ಲ ಮಾತಿಗೆ ದಾರಿ ಬಿಟ್ಟು ನಿಲ್ಲುತ್ತವೆ. ಯಕ್ಷಗಾನದಲ್ಲಿ ಚೆಂಡೆ ಎಷ್ಟೇ ಜೋರಾಗಿದ್ದರೂ ಭಾಗವತರ ಪದ ಕೇಳಲೇಬೇಕು. ಕೇಳದಿದ್ದರೆ ಕಥೆಯೇ ಮುಂದೆ ಹೋಗೋದಿಲ್ಲ. ಶೂಗೇಜ್ ಇದಕ್ಕೆ ನೇರ ವಿರುದ್ಧ. ಅಲ್ಲಿ ದನಿ ಕೂಡ ಇನ್ನೊಂದು ವಾದ್ಯ.

ಹಾಗಾದರೆ ಕನ್ನಡದಲ್ಲಿ ಶೂಗೇಜ್ ಸಾಧ್ಯವಾ? ಭಾಷೆಯನ್ನೇ ಸ್ವಲ್ಪ ಗಮನಿಸಿ. ಸದ್ದಿನ ನಡುವೆ ಮೊದಲು ಕಳೆದುಹೋಗುವುದು ವ್ಯಂಜನ. ಅದು ಚಿಕ್ಕದು, ಕ್ಷಣದಲ್ಲಿ ಮುಗಿಯುತ್ತದೆ. ಉಳಿಯುವುದು ಎಳೆಯಬಹುದಾದ ಸ್ವರ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ಇಂಗ್ಲಿಷಿನ 'ಬಸ್' ಬಂದರೂ ನಾವು ಅದಕ್ಕೊಂದು ಉಕಾರ ಸೇರಿಸಿ 'ಬಸ್ಸು' ಮಾಡಿಕೊಳ್ಳುತ್ತೇವೆ. ಅಂದರೆ ಪ್ರತಿ ಪದದ ಕೊನೆಯಲ್ಲೂ ದನಿಯನ್ನು ಎಳೆದು ರಿವರ್ಬ್‌ಗೆ ಒಪ್ಪಿಸಲು ಜಾಗ ಉಂಟು. ಇದಕ್ಕಿಂತ ಅನುಕೂಲದ ಭಾಷೆ ಬೇಕಾ?

ಆದರೆ ಒಂದು ತೊಡಕು. ನಮ್ಮಲ್ಲಿ ಒತ್ತಕ್ಷರ ಅರ್ಥ ಬದಲಿಸುತ್ತದೆ. 'ಕತೆ' ಮತ್ತು 'ಕತ್ತೆ' ಹೇಳಿ ನೋಡಿ. ವ್ಯತ್ಯಾಸ ಎಲ್ಲಿದೆ? ತಕಾರದ ಮೊದಲು ನಾಲಿಗೆ ತಡೆದು ನಿಲ್ಲುವ ಆ ಕ್ಷಣದ ಮೌನದಲ್ಲಿ. ರಿವರ್ಬ್ ಮಾಡುವ ಕೆಲಸವೇ ಮೌನವನ್ನು ತುಂಬುವುದು. ಹಿಂದಿನ ಸ್ವರದ ಬಾಲ ಬಂದು ಆ ಸಂದನ್ನು ಮುಚ್ಚಿದರೆ ಕತ್ತೆ ಹೋಗಿ ಕತೆ ಆಗುತ್ತದೆ. ಪ್ರೇಮಗೀತೆ ಬರೆಯುವವರು ಜಾಗ್ರತೆ!

ಇದು ತಮಾಷೆಗೆ ಹೇಳಿದರೂ ಕೆಲಸದ ವಿಷಯ. ಇಂಗ್ಲಿಷ್ ಶೂಗೇಜ್‌ನ ಸೆಟ್ಟಿಂಗ್ ಹಾಗೇ ತಂದು ಕನ್ನಡಕ್ಕೆ ಅಂಟಿಸಿದರೆ ಆಗೋದಿಲ್ಲ. ಒತ್ತಕ್ಷರ ಕಮ್ಮಿ ಇರುವ, ದೀರ್ಘ ಸ್ವರ ಹೆಚ್ಚು ಇರುವ ಸಾಲು ಬರೆಯಬೇಕು. ಅಥವಾ ರಿವರ್ಬ್ ಶುರುವಾಗುವ ಮೊದಲು ಸ್ವಲ್ಪ ವಿಳಂಬ ಇಟ್ಟು ಮಾತಿಗೆ ಉಸಿರಾಡಲು ಬಿಡಬೇಕು. ಅರ್ಥ ಪೂರ್ತಿ ಮುಳುಗಬೇಕಂತ ನಿಯಮ ಇಲ್ಲ. ನಾಲ್ಕು ಸಾಲಿನಲ್ಲಿ ಒಂದು ಪದ ಸ್ಪಷ್ಟವಾಗಿ ಮೇಲೆ ಬಂದರೆ, ಕೇಳುವವರು ಉಳಿದದ್ದನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಪಕ್ಕದ ಕೋಣೆಯಲ್ಲಿ ಅಮ್ಮ ಫೋನಿನಲ್ಲಿ ಮಾತಾಡುವಾಗ ಪದ ಕೇಳಿಸದೆಯೂ ಸಂತೋಷವೋ ಬೇಜಾರೋ ನಮಗೆ ಗೊತ್ತಾಗುತ್ತದಲ್ಲ, ಹಾಗೆ.

ಕರ್ನಾಟಕದಲ್ಲಿ ಈ ಬೀದಿಯ ಹತ್ತಿರ ಬಂದವರು ಇದ್ದಾರೆ. ಬೆಂಗಳೂರಿನ 'ಲೌಂಜ್ ಪಿರಾನ' ತಂಡ 2008ರಲ್ಲಿ 'ಗೋಯಿಂಗ್ ನೋವೇರ್' ಎಂಬ ಆಲ್ಬಂ ತಂದಿತು. ಅದು ಶೂಗೇಜ್‌ನ ಪಕ್ಕದ ಮನೆಯಾದ ಪೋಸ್ಟ್ ರಾಕ್. ಅದರ ಡ್ರಮ್ಮರ್ ಜಾರ್ಜ್ ಮ್ಯಾಥನ್ ಈಗ 'ಅಪ್ಪುಪೆನ್' ಹೆಸರಿನಲ್ಲಿ ಚಿತ್ರಕಾದಂಬರಿಗಳಿಗೆ ಪ್ರಸಿದ್ಧರು. ಹಾಡಿದ್ದು ಇಂಗ್ಲಿಷಿನಲ್ಲಿ. ಅದೇ ಹೊತ್ತಿಗೆ ರಘು ದೀಕ್ಷಿತ್, ಸ್ವರಾತ್ಮ ತಮ್ಮ ಮೊದಲ ಆಲ್ಬಂಗಳಲ್ಲಿ ಕನ್ನಡವನ್ನು ರಾಕ್ ವೇದಿಕೆಗೆ ತಂದರು, ಆದರೆ ಅಲ್ಲಿ ಮಾತು ಮುಂದೆಯೇ ನಿಂತಿತ್ತು. ಈ ಎರಡು ದಾರಿ ಸೇರುವ ಜಾಗದಲ್ಲಿ ಇನ್ನೂ ಬೇಕಾದಷ್ಟು ಖಾಲಿ ಉಂಟು.

ಕೇಳುವುದು, ಮಾಡುವುದು

ಕೇಳಲು ಶುರು ಮಾಡುವವರಿಗೆ ಒಂದು ಕ್ರಮ. ಮೊದಲು ಸ್ಲೋಡೈವ್‌ನ 'ಕ್ಯಾಚ್ ದ ಬ್ರೀಜ್', ಆಮೇಲೆ ಅವರದೇ 'ಅಲಿಸನ್', ಆಮೇಲೆ ರೈಡ್‌ನ 1990ರ ಮೊದಲ ಆಲ್ಬಂ 'ನೋವೇರ್', ಕೊನೆಗೆ 'ಲವ್‌ಲೆಸ್'. ಫೋನಿನ ಸ್ಪೀಕರಿನಲ್ಲಿ ಬೇಡ; ಸಾಧಾರಣ ಹೆಡ್‌ಫೋನ್ ಸಾಕು. ಮೊದಲ ಸಲ ಹಾಡುಗಾರರ ಮಾತು ಹಿಡಿಯಲು ಹೋಗಬೇಡಿ. ವಾಲ್ಯೂಮ್ ಮಾತ್ರ ನೋಡಿಕೊಳ್ಳಿ. 85 ಡೆಸಿಬೆಲ್‌ನಲ್ಲಿ 8 ಗಂಟೆ ಸುರಕ್ಷಿತ ಅಂತ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ ಆದರೆ 15 ನಿಮಿಷ ಮಾತ್ರ. ಮೈ ಬ್ಲಡಿ ವ್ಯಾಲೆಂಟೈನ್ ಕಾರ್ಯಕ್ರಮಗಳಲ್ಲಿ ಬಾಗಿಲಲ್ಲೇ ಕಿವಿಗೆ ಇಟ್ಟುಕೊಳ್ಳಲು ಇಯರ್‌ಪ್ಲಗ್ ಕೊಡುತ್ತಾರೆ.

ಮಾಡುವವರಿಗೆ: ಆಗ ಸ್ಟುಡಿಯೋ, ಪೆಡಲ್ ಎಲ್ಲ ಸೇರಿ ಒಂದು ಕಂಪನಿಯೇ ಬೇಕಿತ್ತು. ಈಗ ಒಂದು ಗಿಟಾರ್, ಒಂದು ಸಣ್ಣ ಆಡಿಯೋ ಇಂಟರ್‌ಫೇಸ್, ನಿಮ್ಮ ಅದೇ ಲ್ಯಾಪ್‌ಟಾಪ್ ಸಾಕು. ಮೇಲೆ ಹೇಳಿದ ಮೂರು ಪೆಟ್ಟಿಗೆಗಳೂ ಪುಕ್ಕಟೆ ಪ್ಲಗಿನ್‌ಗಳಾಗಿ ಸಿಗುತ್ತವೆ. ಡಿಎಸ್‌ಪಿ ಲ್ಯಾಬ್ ಮಾಡಿದವರು ಪೈಥಾನಿನಲ್ಲಿ ತಾವೇ ಬರೆದುಕೊಳ್ಳಬಹುದು. ಗೆಜೆಟ್ ಕೊರತೆ ಇವತ್ತಿನ ಸಮಸ್ಯೆ ಅಲ್ಲ. ಕಾಲೇಜು ಫೆಸ್ಟಿನ ವೇದಿಕೆಯಲ್ಲಿ ಎಲ್ಲರಿಗೂ ಗೊತ್ತಿರುವ ಹಾಡನ್ನೇ ನುಡಿಸಿದರೆ ಚಪ್ಪಾಳೆ ಗ್ಯಾರಂಟಿ. ಯಾರೂ ಕೇಳದ ಒಂದನ್ನು ಮಾಡಲು ಧೈರ್ಯ ಬೇಕು. ಆ ಧೈರ್ಯಕ್ಕೆ ತಲೆ ಎತ್ತಿ ನಿಲ್ಲಲೇಬೇಕು ಅಂತೇನಿಲ್ಲ.

ಈ ಮಳೆಗಾಲ ಮುಗಿಯುವುದರೊಳಗೆ ಯಾರಾದರೂ ಒಂದು ಕನ್ನಡ ಶೂಗೇಜ್ ಹಾಡು ರೆಕಾರ್ಡ್ ಮಾಡಿದರೆ ಬಳಗಕ್ಕೆ ಕಳಿಸಿ. ಮಾತು ಕೇಳಿಸದಿದ್ದರೂ ಅಡ್ಡಿಯಿಲ್ಲ, ಸಾಹಿತ್ಯವನ್ನು ನಾವು ಇಲ್ಲೇ ಅಚ್ಚು ಹಾಕುತ್ತೇವೆ. ಕತೆಯೋ ಕತ್ತೆಯೋ ಅಂತ ಓದುಗರು ತೀರ್ಮಾನಿಸಲಿ.